ಚೊಗರು ಬಳಿದ ನಳಿಗೆ

ಕೊಪ್ಪ
೨ ಮಾರ್ಚ್ ೧೯೭೮

ಪ್ರೀತಿಯ ಅಬ್ಬಾ, ನಿಮ್ಮ ಮೆಹರಳ ಸಲಾಂ.

ತಂಗಿ ಶಕೀಲಾ, ಇದನ್ನು ಅಬ್ಬಾಗೆ ಗಟ್ಟಿಯಾಗಿ ಓದಿ ಹೇಳು. ಸಿಟ್ಟಿನ ಸಾಲು ಬಂತೆಂದು ನುಂಗಬೇಡ.

ಅಬ್ಬಾ, ನರಸಿಂಹರಾಜಪುರದಿಂದ ನೀವು ಬರೆಸಿದ ಕಾರ್ಡು ತಲುಪಿತು. ಶುಕ್ರವಾರ ಶಿವಮೊಗ್ಗದವನು ಬರುತ್ತಾನೆ, ಕೋವಿ ರಿಪೇರಿಯ ಹತಿಯಾರಗಳನ್ನೆಲ್ಲ ಅವನಿಗೆ ಕೊಟ್ಟುಬಿಡು, ನನ್ನ ಕಣ್ಣು ಮಂಜಾಯಿತು, ಆ ಕೆಲಸದ ಕೈ ಇನ್ನು ನಮ್ಮ ಮನೆಯಲ್ಲಿಲ್ಲ ಎಂದಿದ್ದೀರಿ. ಓದಿ ಮೈಯೆಲ್ಲ ಉರಿಯಿತು. ಅಂಗಡಿಯ ಕೀಲಿ ನನ್ನ ಸೆರಗಿನಲ್ಲಿದೆ, ಕೊಡುವುದಿಲ್ಲ. ಯಾಕೆಂದು ಕೇಳಿ.

ಭಂಡಿಗಡಿಯ ಬೈರಪ್ಪನವರ ಪಿಸ್ತೂಲು ನೆನಪಿದೆಯಲ್ಲ? ಅವರ ಅಜ್ಜನಿಗೆ ಕಾಫಿ ತೋಟದ ಬಿಳಿ ದೊರೆ ಬಿಟ್ಟುಹೋದದ್ದು. ನಳಿಗೆ ಸೀಳಿತೆಂದು ಒಂಬತ್ತು ವರ್ಷದ ಹಿಂದೆ ನಮ್ಮಲ್ಲಿ ಹೊಸದು ಹಾಕಿಸಿಕೊಂಡಿದ್ದರು. ಚುನಾವಣೆಗೆಂದು ಎಲ್ಲರ ಹಾಗೆ ಅವರೂ ಅದನ್ನು ಠಾಣೆಯಲ್ಲಿಟ್ಟಿದ್ದರು. ವಾಪಸು ಕೇಳಲು ಹೋದರೆ ಹೊಸದಾಗಿ ಬಂದ ಸಾಹೇಬರು ತಡೆದರು. ನಳಿಗೆಯ ಮೇಲೆ ಕಂಪನಿಯ ಹೆಸರಿದೆ ಎಂದು ಲೈಸೆನ್ಸು ಹೇಳುತ್ತದೆ, ಈ ನಳಿಗೆಯೋ ಬೋಳು. ಅಸಲಿ ಪಿಸ್ತೂಲು ಮಾರಿ ಕಳ್ಳಮಾಲು ತಂದಿಟ್ಟಿದ್ದೀರಿ ಎಂದು ಕೇಸು ಬರೆಯಲು ಕೂತರು. ಲೈಸೆನ್ಸಿದ್ದ ಗುಲಾಮ್ ಹುಸೇನರ, ಅಂದರೆ ನಿಮ್ಮ, ಅಂಗಡಿಯಲ್ಲೇ ಬದಲಾಯಿಸಿದ್ದೆಂದು ತೋರಿಸಿದರೆ ಬಿಡುತ್ತೇನೆ ಎಂದರಂತೆ. ತೋರಿಸುವುದೇನು, ನಮ್ಮ ರಿಪೇರಿ ಪುಸ್ತಕ ಗೆದ್ದಲಿನ ಹೊಟ್ಟೆ ಸೇರಿ ಎಷ್ಟು ಕಾಲವಾಯಿತು!

ನಿನ್ನೆ ಅವರ ಹೆಂಡತಿ ಜಲಜಮ್ಮ ಅಳುತ್ತ ಬಂದರು. ಎಂತ ಮಾಡದು ಮೆಹರಾ, ಇವರನ್ನ ಒಳಗೆ ಹಾಕ್ತಾರಂತೆ ಅಂತ ಒಂದೇ ಸಮನೆ ಗೋಳು. ನೀವು ಮಾಡಿದ ನಳಿಗೆಗೆಲ್ಲ ಗುರುತಿಗೆಂದು ಒತ್ತುವ ಅರ್ಧಚಂದ್ರದ ಅಚ್ಚನ್ನು ನಾನು ಕೈವಸ್ತ್ರದಲ್ಲಿ ಕಟ್ಟಿಕೊಂಡು ಅವರ ಜೊತೆ ಠಾಣೆಗೆ ಹೊರಟೆ.

ಪಿಸ್ತೂಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಂಪನಿಯ ಕಪ್ಪು ನೀಲಿ ಹೊಡೆಯುತ್ತದೆ, ಇದು ನೇರಳೆ ಹೊಡೆಯುತ್ತಿತ್ತು. ಅಡಿಕೆ ಬೇಯಿಸಿದ ಚೊಗರನ್ನು ಹತ್ತು ಸಲ ಬಳಿದು ಒಣಗಿಸಿದ ಕಪ್ಪು ಸಾರ್, ನಮ್ಮ ಅಬ್ಬಾನ ಕ್ರಮ ಎಂದೆ. ಸಾಹೇಬರು ನಕ್ಕರು. ಹೆಂಗಸರಿಗೆ ಅಡಿಗೆಮನೆ ಬಿಟ್ಟು ಬೇರೇನೂ ಕಾಣುವುದಿಲ್ಲವಂತೆ. ನನಗೆ ಎಲ್ಲಿತ್ತೋ ಸಿಟ್ಟು!

ಆಗ ಜಲಜಮ್ಮನ ಉಗುರು ಕಣ್ಣಿಗೆ ಬಿತ್ತು. ಅಡಿಕೆ ಸುಲಿದು ಸುಲಿದು ಕಪ್ಪಾಗಿತ್ತು. ಆ ಚೊಗರಿನ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ, ನಿಂಬೆಹಣ್ಣಿಗೆ ಮಾತ್ರ ಹೋಗುತ್ತದೆ. ಎದುರಿನ ಹೋಟೆಲಿನಿಂದ ನಿಂಬೆಹಣ್ಣು ತರಿಸಿದೆ. ನಳಿಗೆ ಬಿಚ್ಚಿಸಿ, ಹಿಡಿಯ ಮರದೊಳಗೆ ಅಡಗಿರುವ, ನೀವು ಅಚ್ಚೊತ್ತುವ ಜಾಗಕ್ಕೆ ಹೋಳು ಹಾಕಿ ತಿಕ್ಕಿದೆ. ಒರೆಸಿದ ಕೈವಸ್ತ್ರ ಕಪ್ಪಾಯಿತು, ಕಬ್ಬಿಣ ಬೆಳ್ಳಗಾಯಿತು, ಚೊಗರು ತುಂಬಿ ಮುಚ್ಚಿಹೋಗಿದ್ದ ಅರ್ಧಚಂದ್ರ ಎದ್ದು ಬಂತು. ಅಚ್ಚು ಇಟ್ಟು ತೋರಿಸಿದೆ. ಅಚ್ಚಿನ ತುದಿಯ ಮುರುಕಿನ ಸಮೇತ ಕೂತಿತು.

ಪೇದೆ ಹೂವಪ್ಪ, ಅಬ್ಬಬ್ಬಾ, ಎಂತಾ ಕೈ ಮಾರಾಯ್ತಿ ಅಂತ ಬಾಯಿ ಬಿಟ್ಟ. ಸಾಹೇಬರು ಬರೆದ ಕಾಗದ ಹರಿದರು. ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಇಷ್ಟು ನೇರವಾಗಿ ಕೊರೆದದ್ದನ್ನು ನಾನು ಕಂಡಿಲ್ಲ, ಮಾಡಿದವರಿಗೆ ನನ್ನ ನಮಸ್ಕಾರ ಹೇಳಮ್ಮ ಎಂದರು. ಹೇಳುತ್ತೇನೆ ಎಂದು ತಲೆ ತಗ್ಗಿಸಿದೆ. ಬೈರಪ್ಪನವರು ಪಿಸ್ತೂಲು ಎದೆಗವಚಿಕೊಂಡು ಅತ್ತರು. ಪೇಟೆಯಲ್ಲಿ ಇವತ್ತು ಎಲ್ಲರ ಬಾಯಲ್ಲೂ ನಿಮ್ಮದೇ ಹೆಸರು ಅಬ್ಬಾ, ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಶಿವಮೊಗ್ಗದವನು ಬಂದರೆ ಚಹಾ ಕುಡಿಸಿ ಕಳಿಸುತ್ತೇನೆ.

ನಿಮ್ಮ ಹಠಮಾರಿ ಮಗಳು,
ಮೆಹರ್ ಬಾನು

ತಾ.ಕ.: ಶಕೀಲಾ, ಇಲ್ಲಿಗೆ ನಿಲ್ಲಿಸು. ಮುಂದಿನದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಭೂತಗನ್ನಡಿ ಕೊಡು, ಅಬ್ಬಾನೇ ಓದಲಿ.

ಅಬ್ಬಾ, ನಿಮ್ಮ ಅರ್ಧಚಂದ್ರ ಯಾವಾಗಲೂ ಹಿಡಿಯ ಕಡೆಗೆ ಬಾಯಿ ತೆರೆದಿರುತ್ತದೆ. ಬೈರಪ್ಪನವರ ನಳಿಗೆಯದು ಗುಂಡು ಹೊರಡುವ ಕಡೆಗೆ ತೆರೆದಿದೆ. ಆ ವರ್ಷ ನೀವು ಕೊರೆದ ನಳಿಗೆ ಓರೆಯಾಗಿತ್ತು. ನಿಮಗೆ ಕಾಣಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ. ನೀವು ಮದುವೆಗೆಂದು ಶೃಂಗೇರಿಗೆ ಹೋದ ಎಂಟು ದಿನದಲ್ಲಿ ಇನ್ನೊಂದು ಕೊರೆದು, ಅಚ್ಚನ್ನು ತಿರುಗಿಸಿ ಒತ್ತಿ, ಅದರ ಜಾಗದಲ್ಲಿಟ್ಟೆ. ನಿಮ್ಮದು ಇನ್ನೂ ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿದೆ. ಆ ಕೆಲಸದ ಕೈ ನಮ್ಮ ಮನೆಯಲ್ಲೇ ಇದೆ.