ಬೀಗದ ಕೈ ಇರುವ ಜಾಗ

ಶಾಲಿನಿ,

ಗುರಿ ಅಭ್ಯಾಸದ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುವ ಪ್ರೆಸ್ ಕೊನೆಗೂ ತಂದೆ. ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಹಲವು ತೋಟಾಗಳನ್ನು ಒಟ್ಟಿಗೇ ಬೇಗ ಮುಗಿಸುವುದು ಒಂದು, ಸಲಕ್ಕೆ ಒಂದನ್ನೇ ತುಂಬುವುದು ಇನ್ನೊಂದು. ನಾನು ಎರಡನೆಯದನ್ನು ಆರಿಸಿದೆ. ಕಣ್ಣಾರೆ ನೋಡದ ತೋಟಾವನ್ನು ನಾನು ನಂಬಲಾರೆ. ನೀನು ಮನೆ ಬಿಟ್ಟು ಕೋಬೆಗೆ ಹೊರಟುಹೋದ ಮೇಲೆ ಊಟದ ಮೇಜು ಖಾಲಿಯೇ ಇತ್ತು. ಅದಕ್ಕೇ ಬೋಲ್ಟ್ ಹಾಕಿ ಕೂರಿಸಿದ್ದೇನೆ.

ಇವತ್ತು ಬೆಳಿಗ್ಗೆ ಪೊಲೀಸ್ ಠಾಣೆಯಿಂದ ಓಗಾವಾ ಸಾನ್ ತಪಾಸಣೆಗೆ ಬಂದಿದ್ದರು. ಪ್ರೆಸ್ಸನ್ನು ಅಲುಗಾಡಿಸಿ ನೋಡಿ, ಬಂದೂಕಿನ ಕಪಾಟಿನ ಬೀಗದ ಕೈ ಎಲ್ಲಿದೆಯೆಂದು ಮನೆಯಲ್ಲಿ ಬೇರೆ ಯಾರಿಗಾದರೂ ಗೊತ್ತೇ ಎಂದು ಕೇಳಿದರು. ಹೆಂಡತಿಗೂ ಹೇಳಬಾರದೆಂಬುದು ಈ ಜಪಾನಿನ ನಿಯಮವಲ್ಲವೇ. ಆ ನೆಪದಲ್ಲಿ ನಾನು ವಾರವಾರವೂ ಜಾಗ ಬದಲಿಸುತ್ತಿದ್ದೆ. ನೀನು ಕಪಾಟಿನ ಹತ್ತಿರ ಕಸ ಗುಡಿಸಿದರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ನಾನು ಅದನ್ನ ತಗೊಂಡು ಏನ್ರೀ ಮಾಡ್ಲಿ, ಗುಬ್ಬಚ್ಚಿ ಹೊಡೀಲಾ?" ಎಂದಿದ್ದೆ ನೀನು.

"ಮನೆಯಲ್ಲಿ ನಾನೊಬ್ಬನೇ" ಎಂದೆ.

ಅವರು ಕಾಗದದಿಂದ ತಲೆ ಎತ್ತಿದರು. ನನಗೆ ಬಂದೂಕಿನ ಪರವಾನಗಿ ಕೊಡುವ ಮೊದಲು ನಿನ್ನನ್ನು ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸಿದವರು ಅವರೇ. ಅಲ್ಲಿ ನನ್ನ ಬಗ್ಗೆ ಏನು ಹೇಳಿದೆಯೆಂದು ಮೂರು ವರ್ಷ ನಿನ್ನನ್ನು ಕೆದಕಿದ್ದೆನಲ್ಲ, ಅದನ್ನು ಅವರಾಗಿಯೇ ಹೇಳಿದರು.

"'ಅವರು ನನ್ನನ್ನೇ ನಂಬೋದಿಲ್ಲ, ಬಂದೂಕು ಭದ್ರವಾಗಿರುತ್ತೆ, ಧೈರ್ಯವಾಗಿ ಕೊಡಿ' ಅಂದಿದ್ದರು ನಿಮ್ಮ ಶ್ರೀಮತಿ. ನಾವೆಲ್ಲ ನಕ್ಕಿದ್ದೆವು."

ನಾನೂ ನಕ್ಕೆ.

ಅವರು ಹೋದ ಮೇಲೆ ಚಿಲಕ ಹಾಕಿ, ಬೀಗದ ಕೈಯನ್ನು ತೆಗೆದು ಬೇರೆ ಕಡೆ ಬಚ್ಚಿಟ್ಟೆ. ಮನೆಯಲ್ಲಿ ಯಾರೂ ಇರಲಿಲ್ಲ.