ಮೂರನೇ ವಾಲ್ವಿನ ಲಾಕ್

೧೯೮೩ ಅಕ್ಟೋಬರ್ ೯, ಭಾನುವಾರ

ಉಗುರಿನ ಸಂದಿಯ ಮಸಿ ಹೋಗಲೊಲ್ಲದು. ಸೀಗೆಪುಡಿ ಆಯಿತು, ಬೂದಿ ಆಯಿತು, ಬಟ್ಟೆ ಸೋಪೂ ಆಯಿತು. ರಜೆ ಮುಗಿದು ನನ್ನ ಸ್ಕೂಲು ಶುರುವಾಗುವ ಹೊತ್ತಿಗೆ ಹೋದರೆ ಸಾಕು. ಹೋದ ವರ್ಷ ಹೆಡ್‌ಮಿಸ್ ಕೇಳಿಯೇ ಬಿಟ್ಟಿದ್ದರು — ಏನ್ರೀ ನಾಗಲಕ್ಷ್ಮಮ್ಮ, ರಜೇಲಿ ಇದ್ದಿಲು ಮಾರಿದ್ರಾ ಅಂತ.

ಊರಿಗೆಲ್ಲ ದಸರಾ ಎಂದರೆ ಬೊಂಬೆ. ನಮ್ಮ ಮನೆಯಲ್ಲಿ ಇಂಜಿನ್. ಕಾನ್ವೆಂಟಿಗೂ ರಜೆ. ಬಾಡಿಗೆಗೆ ಬೀದಿಯ ಮಕ್ಕಳನ್ನು ಯಶವಂತಪುರಕ್ಕೆ ಬಿಟ್ಟು ಕರೆತರುವ ಕೆಲಸ ಇವರಿಗಿಲ್ಲ. ಅಂಬಾಸಿಡರನ್ನು ಹೊಂಗೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿಬಿಟ್ಟರು. ಈ ಸಲ ಗಾಡಿ ಬಹಳ ಸತಾಯಿಸಿತ್ತು. ಏರು ಬಂದರೆ ಎಳೆಯುತ್ತಿರಲಿಲ್ಲ. ಕೀ ತೆಗೆದ ಮೇಲೂ ಕೆಮ್ಮುತ್ತಿತ್ತು.

"ಒಳಗೆ ಕಾರ್ಬನ್ ಕಟ್ಕೊಂಡೈತೆ. ಉಸಿರಾಡಕ್ಕೆ ಆಯ್ತಿಲ್ಲ, ಪಾಪ," ಅಂದರು. ಹಸುವಿನ ವಿಷಯ ಹೇಳಿದ ಹಾಗೆ.

ಇಂಜಿನ್ನಿನ ಮೇಲಿನ ಭಾರದ ಮುಚ್ಚಳ, ಅದೇ ಹೆಡ್, ಇಳಿಸಲು ರಾಮಾಂಜಿನಪ್ಪ ಬಂದಿದ್ದ — ಇವರ ಚಿಕ್ಕಪ್ಪನ ಮಗ. ಲಾರಿ ಓಡಿಸುತ್ತಿದ್ದವನು, ಈಗ ಕೆಲಸವಿಲ್ಲದೆ ಮನೆಯಲ್ಲಿದ್ದಾನೆ. ಎತ್ತಿಕೊಟ್ಟು ಕಾಫಿ ಕುಡಿದು ಹೋದ. ಮಿಕ್ಕದ್ದು ನಾವಿಬ್ಬರೇ.

ಗಾಳಿ, ಪೆಟ್ರೋಲು ಒಳಗೆ ಹೋಗುವ ವಾಲ್ವುಗಳೇ ಹೆಚ್ಚು ಹಾಳಾಗಿವೆ. ಕುತ್ತಿಗೆಯ ಸುತ್ತ ಕರಿ ಮಡ್ಡಿ, ಸೀದ ಪಾತ್ರೆಯ ತಳದಂತೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮೊಂಡು ಚಾಕುವಿನಿಂದ ಕೆರೆಯುವುದು ನನ್ನ ಕೆಲಸ. ಯಾವ ವಾಲ್ವು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು, ಅದಲುಬದಲಾದರೆ ಸೋರುತ್ತದೆ. ರಟ್ಟಿಗೆ ತೂತು ಮಾಡಿ ಸಾಲಾಗಿ ಸಿಕ್ಕಿಸುತ್ತೇವೆ. ಅದರ ಮೇಲೆ ನಾನು ಇದ್ದಿಲಲ್ಲಿ ಕನ್ನಡ ಅಂಕಿ ಬರೆಯುವುದು ಪ್ರತಿ ವರ್ಷದ ಪದ್ಧತಿ.

"ಈ ಸಲ ದಪ್ಪಗೆ ಬರಿ ಟೀಚರಮ್ಮ," ಅಂದರು.

ಬರೆದೆ.

ಒಂದು ಮಾತು. ಬೆಳಗ್ಗೆ ಸ್ಪ್ಯಾನರ್ ಎಲ್ಲಿ, ಎಲ್ಲಿ ಎಂದು ಹುಡುಕಾಡಿದರು. ಅದು ಅವರ ಬಲ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಅಕ್ಟೋಬರ್ ೧೦, ಸೋಮವಾರ

ಇವತ್ತು ವಾಲ್ವು ಉಜ್ಜುವ ಕೆಲಸ. ಅಂಚಿಗೆ ಮರಳಿನಂಥ ಪೇಸ್ಟ್ ಹಚ್ಚಿ, ಕೋಲಿನ ತುದಿಯ ರಬ್ಬರಿಗೆ ವಾಲ್ವನ್ನು ಅಂಟಿಸಿ, ಅಂಗೈಗಳ ನಡುವೆ ತಿರುಗಿಸುವುದು. ಮೊಸರು ಕಡೆದಂತೆ. ಮೊದಲು ಗರಗರ. ಆಮೇಲೆ ಸದ್ದು ಸಣ್ಣಗಾಗುತ್ತದೆ. ಇವರು ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದರು. ಪ್ರತಿ ವರ್ಷವೂ ಹಾಗೆಯೇ… ಅಲ್ಲವಾ? ಈಗ ನೆನಪಿಗೆ ಬರುತ್ತಿಲ್ಲ.

ಪೇಸ್ಟನ್ನು ಹೆಡ್ಡಿನ ಮೇಲೆ ಇಟ್ಟರು. ವಾಲ್ವು ಕೂರುವ ಜಾಗಕ್ಕಲ್ಲ, ಅದರ ಪಕ್ಕಕ್ಕೆ. ಒಂದು ಬೆರಳಿನಷ್ಟು ದೂರ. ಆಮೇಲೆ ರಟ್ಟಿನಿಂದ ೬ ತೆಗೆದು ೩ರ ಜಾಗಕ್ಕೆ ಇಟ್ಟರು.

"ರೀ, ಅದು ಆರು."

"ನೀ ಬರ್ದಿರೋದೇ ಅಂಗೈತೆ. ಮೂರೂ ಆರೂ ಒಂದೇ ತರ."

ನೋಡಿದೆ. ನನ್ನ ೬ರ ಬಾಲ ಇಷ್ಟುದ್ದ ಇದೆ. ಒಂದನೇ ಕ್ಲಾಸಿನ ಮಕ್ಕಳೂ ತಪ್ಪು ಓದುವುದಿಲ್ಲ. ಹಾಗಂದೆ.

"ಗೊತ್ತು ಬಿಡೇ!"

ಕೂಗಿಬಿಟ್ಟರು. ನಮ್ಮ ಮನೆಯಲ್ಲಿ ಕೂಗುವವಳು ನಾನು. ಇವರಲ್ಲ.

ಒಳಗೆ ಹೋಗಿ ಕಾಫಿ ಮಾಡಿದೆ. ತಂದು, ಏನೂ ಮಾತಾಡದೆ, ಬಲಗಡೆಯಿಂದ ಲೋಟ ಹಿಡಿದೆ. ಮುಖದಿಂದ ಒಂದು ಗೇಣು. ಆವಿ ಏಳುತ್ತಿತ್ತು. ಕಣ್ಣು ಬಿಟ್ಟುಕೊಂಡೇ ಕೋಲು ತಿರುಗಿಸುತ್ತಿದ್ದರು. ಇನ್ನೂ ಹತ್ತಿರ ಹಿಡಿದೆ. ಇಲ್ಲ… ಮೆಲ್ಲಗೆ ಎಡಗಡೆಗೆ ಬಂದೆ.

"ಓ, ಕಾಫಿನಾ? ಕೊಡು," ಅಂದರು.

ಕೊಟ್ಟೆ. ಸ್ವಲ್ಪ ಅವರ ಪಂಚೆಯ ಮೇಲೆ ಚೆಲ್ಲಿತು.

ಅಕ್ಟೋಬರ್ ೧೧, ಮಂಗಳವಾರ

ನಿದ್ದೆ ಇಲ್ಲ. ಒಂದೊಂದೇ ನೆನಪಾಗುತ್ತಿದೆ. ಶ್ರಾವಣದಲ್ಲಿ ಬಲಗಡೆ ಮಡ್ಗಾರ್ಡು ಉಜ್ಜಿಕೊಂಡು ಬಂದಿದ್ದು. ಬಸ್ಸಿನವನದ್ದು ತಪ್ಪು ಅಂದಿದ್ದರು. ಕತ್ತಲಾದ ಮೇಲಿನ ಬಾಡಿಗೆ ಒಲ್ಲೆ ಎನ್ನಲು ಶುರು ಮಾಡಿದ್ದು. ಮದುವೆಮನೆಯಲ್ಲಿ ಬಲಗಡೆ ಕೂತಿದ್ದ ಷಡ್ಡಕರನ್ನು ಮಾತಾಡಿಸದೆ ಎದ್ದು ಬಂದಿದ್ದು. ಷಡ್ಡಕರು ಇವತ್ತಿಗೂ ಮುನಿಸಿಕೊಂಡಿದ್ದಾರೆ.

ಊಟಕ್ಕೆ ಬಡಿಸುವಾಗ ಕೇಳಿದೆ. "ಕಣ್ಣು ಸರಿಯಾಗಿ ಕಾಣ್ತಿದೆಯಾ ನಿಮಗೆ?"

"ನಲವತ್ತಾರಾಯ್ತು ಕಣೇ. ಚಾಳೀಸು. ಕನ್ನಡಕ ಆಕುಸ್ಕೊಂಡ್ರೆ ಆಯ್ತು."

"ನಾಳೆ ಹೋಗೋಣ."

"ಸ್ಕೂಲು ಶುರುವಾಗ್ಲಿ ನೋಡಾನ."

ಅಷ್ಟರಲ್ಲಿ ಶ್ಯಾಮಣ್ಣ ಬಂದರು. ಹಿಂದಿನ ಬೀದಿಯವರು, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ಅವರ ಇಬ್ಬರು ಗಂಡುಮಕ್ಕಳೂ ನಮ್ಮ ಕಾರಿನಲ್ಲೇ ಹೋಗುವುದು. ಬಾಗಿಲಲ್ಲೇ ನಿಂತು ಬಿಚ್ಚಿದ ಇಂಜಿನ್ ನೋಡಿದರು.

"ಗೋಪಾಲಣ್ಣ, ರಜ ಮುಗಿಯೋ ಅಷ್ಟರಲ್ಲಿ ರೆಡಿ ಆಗತ್ತಾ? ಪುಟ್ಟಿನೂ ಎಲ್‌ಕೆಜಿಗೆ ಹಾಕಿದೀವಿ. ಅವಳನ್ನೂ ನೀವೇ ಕರ್ಕೊಂಡೋಗ್ಬೇಕು. ಬೇರೆಯವರ ಗಾಡಿಗೆ ಕಳಿಸಕ್ಕೆ ನಮ್ಮನೆಯವ್ಳು ಒಪ್ಪಲ್ಲ."

"ಕಳ್ಸಿ ಶ್ಯಾಮಣ್ಣ. ಮುಂದ್ಗಡೆ ನನ್ ಪಕ್ಕದಾಗೇ ಕೂರುಸ್ಕೊತೀನಿ."

ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ಹೇಳಬೇಕಿತ್ತು. ಅವರ ಮುಂದೆ ಹೇಗೆ ಹೇಳಲಿ? ಗಂಡನ ಮಾನ ಒಂದು ಕಡೆ. ಇನ್ನೊಂದು ಕಡೆ ಆ ಕಾರಿನ ತುಂಬ ಮಕ್ಕಳು. ತುಮಕೂರು ರೋಡು. ಲಾರಿಗಳು ಬಲಗಡೆಯಿಂದಲೇ ಬರುತ್ತವೆ.

ಅಕ್ಟೋಬರ್ ೧೨, ಬುಧವಾರ

ಇವತ್ತು ಮಾಡಬಾರದ್ದು ಮಾಡಿದೆ. ಮಾಡಬೇಕಾದ್ದೇ ಮಾಡಿದೆ. ಎರಡರಲ್ಲಿ ಯಾವುದೋ.

ವಾಲ್ವುಗಳನ್ನು ಕೂರಿಸಲು ಶುರು ಮಾಡಿದ್ದರು. ಸ್ಪ್ರಿಂಗ್ ಒತ್ತಿ ಹಿಡಿದು, ವಾಲ್ವಿನ ಕಡ್ಡಿಗೆ ಎರಡು ಪುಟ್ಟ ಲಾಕು ಸಿಕ್ಕಿಸಬೇಕು. ಹುಣಸೆಬೀಜಕ್ಕಿಂತ ಚಿಕ್ಕವು. ಅದು ಇಲ್ಲದಿದ್ದರೆ ವಾಲ್ವು ನಿಲ್ಲುವುದಿಲ್ಲ, ಇಂಜಿನ್ ಮುಚ್ಚುವ ಹಾಗಿಲ್ಲ. ಮೊದಲನೆಯದು, ಎರಡನೆಯದು ಆಯಿತು. ಮೂರನೆಯದಕ್ಕೆ ಕೈ ಹಾಕಿದರು. ಅದರ ಜೋಡಿ ಲಾಕಿನ ತಟ್ಟೆ ನನ್ನ ಕೈಯಲ್ಲಿತ್ತು. ಒಂದು ಲಾಕು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಇನ್ನೊಂದೆಲ್ಲಿ?"

"ಇಲ್ಲೇ ಇತ್ತಲ್ಲ… ಬಿತ್ತೇನೋ."

ಹುಡುಕಿದರು. ಮೊದಲು ಕೂತಲ್ಲೇ. ಆಮೇಲೆ ಮಂಡಿಯೂರಿ. ನೆಲದ ಮೇಲೆ ಎರಡೂ ಅಂಗೈ ಹರಡಿ, ರಾಗಿ ಗುಡಿಸುವವರಂತೆ ಸವರುತ್ತಾ ಹೋದರು. ಸೀಮೆಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿದರು. ಹೊಂಗೆ ಎಲೆಗಳನ್ನು ಒಂದೊಂದಾಗಿ ಎತ್ತಿದರು. ನಾನೂ ಹುಡುಕುವಂತೆ ಬಗ್ಗಿದ್ದೆ. ಅವರ ಬೆರಳು ನನ್ನ ಪಾದಕ್ಕೆ ತಗುಲಿತು. ಏನೆಂದು ತಿಳಿಯಲು ಒಮ್ಮೆ ಮುಟ್ಟಿ ನೋಡಿ ಮುಂದಕ್ಕೆ ಹೋದರು.

ಕೊಟ್ಟುಬಿಡಬೇಕು ಅನ್ನಿಸಿತು. ಶ್ಯಾಮಣ್ಣನ ಪುಟ್ಟಿ ನೆನಪಾದಳು. ಕೊಡಲಿಲ್ಲ.

ಅಕ್ಟೋಬರ್ ೧೩, ಗುರುವಾರ

ಬೆಳಗ್ಗೆ ಎದ್ದವರೇ ಅಂಗಿ ಹಾಕಿಕೊಂಡರು. ಜಾಲಹಳ್ಳಿ ಕ್ರಾಸಿನ ಸ್ಪೇರ್ಸ್ ಅಂಗಡಿಗೆ ಹೋಗಿ ಲಾಕು ತರುತ್ತೇನೆ ಅಂದರು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

"ನಾನು ತರ್ತೀನಿ ಬಿಡಿ."

"ನಿಂಗೇನ್ ಗೊತ್ತಾಯ್ತದೆ. ಮನೇಲಿರು."

ಹೋದರು. ಚಪ್ಪಲಿ ಮೆಟ್ಟಿ ಹಿಂದೆಯೇ ಹೋದೆ, ಸ್ವಲ್ಪ ದೂರ ಬಿಟ್ಟು. ಬೀದಿಯಲ್ಲಿ ಗೋಡೆ ಪಕ್ಕದಲ್ಲೇ ನಡೆದರು. ತುಮಕೂರು ರೋಡಿಗೆ ಬಂದು ನಿಂತರು. ಅಂಗಡಿ ಆ ಕಡೆ. ಶಿಫ್ಟಿನ ಹೊತ್ತು — ಬಸ್ಸು, ಲಾರಿ, ಸೈಕಲ್ಲು, ಒಂದರ ಹಿಂದೆ ಒಂದು. ಇವರು ಇಡೀ ತಲೆಯನ್ನೇ ಬಲಕ್ಕೆ ತಿರುಗಿಸುತ್ತಿದ್ದರು, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ಒಂದು ಹೆಜ್ಜೆ ಇಡುವುದು, ಹಿಂದಕ್ಕೆ ತೆಗೆಯುವುದು. ಇದೇ ರೋಡಿನಲ್ಲಿ ಮಕ್ಕಳನ್ನು ತುಂಬಿಕೊಂಡು ಕಾರು ಓಡಿಸಿದ ಮನುಷ್ಯ.

ಫ್ಯಾಕ್ಟರಿ ಜನ ಗುಂಪಾಗಿ ದಾಟುವಾಗ ಅವರ ಜೊತೆ ಇಳಿದರು. ಗುಂಪು ಬೇಗ ನಡೆಯಿತು. ಇವರು ನಡುರಸ್ತೆಯಲ್ಲಿ ಒಬ್ಬರೇ ಉಳಿದರು. ಬಲಗಡೆಯಿಂದ ಲೂನಾ ಬಂತು. ನಾನು ಕೂಗಿದೆ. ಲಾರಿ ಹಾರನ್ನಿನಲ್ಲಿ ನನ್ನ ದನಿ ಎಲ್ಲಿ ಕೇಳಬೇಕು? ಲೂನಾದವನು ಬ್ರೇಕ್ ಹಾಕಿ ಜಾರಿದ. ಹ್ಯಾಂಡಲ್ಲು ಇವರ ತೊಡೆಗೆ ಬಡಿಯಿತು. ಕುಸಿದು ಕೂತರು.

"ರೀ ಸ್ವಾಮಿ! ಕಣ್ಣ್ ಕಾಣ್ಸಲ್ವೇನ್ರೀ ನಿಮಗೆ?"

ಅಷ್ಟು ಹೊತ್ತಿಗೆ ನಾನು ಅವರ ಬೆನ್ನ ಹಿಂದಿದ್ದೆ. ಇವರು ತಲೆ ಎತ್ತಿದರು.

"ಇಲ್ಲಪ್ಪ. ಕಾಣ್ಸಲ್ಲ," ಅಂದರು.

ಆ ಹುಡುಗ ಮುಂದಕ್ಕೆ ಬೈಯಲಿಲ್ಲ. ಅವನೇ ಒಂದು ತೋಳು ಹಿಡಿದ, ಇನ್ನೊಂದು ನಾನು ಹಿಡಿದೆ. ನನ್ನ ಬಳೆ ಸದ್ದಾಯಿತು. ಯಾರೆಂದು ಗೊತ್ತಾಯಿತು ಅವರಿಗೆ.

ಮನೆಗೆ ಬಂದು ಸೆರಗಿನ ಗಂಟು ಬಿಚ್ಚಿ ಲಾಕನ್ನು ಅವರ ಅಂಗೈಗೆ ಹಾಕಿದೆ. ಬೆರಳಲ್ಲಿ ಹೊರಳಿಸಿದರು.

"ನಿನ್ ಅತ್ರ ಇತ್ತಾ?"

"ಹೂಂ."

"ನೆಲ ತಡಕ್ತಿದ್ನಲ್ಲ ನಾನು. ನೋಡ್ಕೊಂಡು ಕೂತಿದ್ದೆ ನೀನು."

"ಹೂಂ."

"ಬಾಯ್ಬಿಟ್ಟು ಕೇಳ್ಬೋದಿತ್ತು."

"ಕೇಳ್ದೆ. ಚಾಳೀಸು ಅಂದ್ರಿ."

ಗೋಡೆಗೆ ಒರಗಿದರು. ಆಮೇಲೆ ಹೇಳಿದರು — ಯುಗಾದಿ ಹೊತ್ತಿಗೆ ಗೊತ್ತಾಯಿತಂತೆ. ಎಡಗಣ್ಣಿಗೆ ಧೂಳು ಬಿದ್ದು ಮುಚ್ಚಿಕೊಂಡರೆ ಎಲ್ಲ ಕತ್ತಲೆ. ಬಲಗಣ್ಣು ಯಾವಾಗಲೋ ಹೋಗಿತ್ತು. ಈಗ ಎಡಗಣ್ಣಿನಲ್ಲೂ ಕೊಳವೆಯಲ್ಲಿ ನೋಡಿದ ಹಾಗಂತೆ.

"ಅಂಥಾದ್ದರಲ್ಲಿ ಮಕ್ಕಳನ್ನ ಕೂರಿಸ್ಕೊಂಡು…"

"ನಿಧಾನಕ್ಕೆ ಓಡಿಸ್ತೀನಲ್ಲೇ."

"ಜೀವ ಕಣ್ರೀ ಅವು! ಮೂಟೆ ಅಲ್ಲ!"

ಅಕ್ಕಪಕ್ಕದವರಿಗೆ ಕೇಳಿರಬೇಕು. ಕೇಳಲಿ.

ಅಕ್ಟೋಬರ್ ೧೫, ಆಯುಧಪೂಜೆ

ಬೀದಿಯ ಲೇತು, ಸೈಕಲ್ಲು, ಹೊಲಿಗೆ ಮಿಷನ್ನು ಎಲ್ಲಕ್ಕೂ ಪೂಜೆ. ನಮ್ಮದು ಬಾಯ್ತೆರೆದುಕೊಂಡು ನಿಂತಿದೆ. ಕುಂಬಳಕಾಯಿ ಒಡೆಯಲಿಲ್ಲ. ಕುಂಕುಮ ನಾನೇ ಇಟ್ಟೆ. ಇವರು ಹೊರಗೆ ಬರಲಿಲ್ಲ.

ಅಕ್ಟೋಬರ್ ೧೮, ಮಂಗಳವಾರ

ಕೊನೆಗೂ ಸಿಟಿಯ ಕಣ್ಣಾಸ್ಪತ್ರೆ. ಹನಿ ಹಾಕಿ, ಕೂರಿಸಿ, ಮತ್ತೆ ಹಾಕಿ, ಯಂತ್ರದೊಳಗೆ ಗದ್ದ ಇಡಿಸಿ ನೋಡಿದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಹೇಳಿದರು. ಕಣ್ಣೊಳಗಿನ ಒತ್ತಡ ಜಾಸ್ತಿ. ಬಲಗಣ್ಣಿನ ನರ ಒಣಗಿದೆ, ಅದು ಬರುವುದಿಲ್ಲ. ಎಡಗಣ್ಣಲ್ಲಿ ಉಳಿದಷ್ಟನ್ನು ಉಳಿಸಿಕೊಳ್ಳಬಹುದು, ದಿನಾ ಹನಿ ಹಾಕಿಕೊಂಡರೆ. ಎಡಗಣ್ಣಿಗೆ ಮಾತ್ರ ಸಾಕು.

"ಕಾರು ಓಡಿಸ್ಬೋದಾ ಮೇಡಂ?"

"ಇಲ್ಲ."

"ಬರೀ ಯಶವಂತಪುರದ ತಂಕ. ದಿನಾ ಅದೇ ರೋಡು. ಕಣ್ಮುಚ್ಕೊಂಡು…" ಅಂದವರು ತಾವೇ ನಿಲ್ಲಿಸಿದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರು. ಪಕ್ಕದಲ್ಲಿ ಹೋಗುವ ಗಾಡಿಗಳ ಸದ್ದು ಬಂದಾಗಲೆಲ್ಲ ಬಲಗಾಲು ಬ್ರೇಕ್ ತುಳಿದಂತೆ ಅಲುಗುತ್ತಿತ್ತು.

ಅಕ್ಟೋಬರ್ ೨೦, ಗುರುವಾರ

ಬೆಳಗ್ಗೆ ತಾವೇ ಕರೆದರು. "ಬಾ, ಮುಗ್ಸಾನ."

ಅವರು ಸ್ಪ್ರಿಂಗ್ ಒತ್ತಿ ಹಿಡಿದರು, ನಾನು ಲಾಕು ಕೂರಿಸಿದೆ. ಸಂಜೆ ಹೊತ್ತಿಗೆ ರಾಮಾಂಜಿನಪ್ಪ ಬಂದು ಹೆಡ್ ಇಟ್ಟುಕೊಟ್ಟ. ಬೋಲ್ಟುಗಳನ್ನು ಇವರೇ ಬಿಗಿದರು. ನಟ್ಟು ಮುಟ್ಟಿ, ಸ್ಪ್ಯಾನರ್ ಕೂರಿಸಿ, ಎಳೆದು. ಸ್ಟಾರ್ಟ್ ಆಯಿತು. ಮೊದಲು ಬಿಳಿ ಹೊಗೆ, ಆಮೇಲೆ ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮ. ರಾಮಾಂಜಿನಪ್ಪ ತಲೆದೂಗಿದ. ಹೋದ.

ಇವರು ಸ್ಟೀರಿಂಗ್ ಬಿಡಲಿಲ್ಲ. ಗೇರ್ ಬಿದ್ದ ಸದ್ದು ಕೇಳಿತು. ಗಾಡಿಯ ಮುಂದೆ ಹೋಗಿ ನಿಂತೆ. ನನ್ನ ಸೀರೆಗೂ ಬಂಪರಿಗೂ ಮೊಳದಷ್ಟೇ ಅಂತರ.

"ಇಳೀರಿ."

"ಒಂದೇ ರೌಂಡು. ಹಿಂದ್ಗಡೆ ಖಾಲಿ ಸೈಟಿನಾಗೆ. ರೋಡಿಗೆ ಓಗಲ್ಲ."

"ಇಳೀರಿ ಅಂದೆ."

"ನೀನೂ ಕೂತ್ಕೊಳೇ. ನೀನೇ ಹೇಳು, ಎಡ ಬಲ."

ಇಂಜಿನ್ ನಡುಗುತ್ತಿತ್ತು. ಆ ಸೈಟಿನಲ್ಲಿ ಯಾರೂ ಇಲ್ಲವೆಂದು ಹೋಗಿ ನೋಡಿ ಬಂದೆ. ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿ ಆಚೆ ಹೊಡೆದೆ. ಪಕ್ಕದಲ್ಲಿ ಕೂತು ಡ್ಯಾಶ್‌ಬೋರ್ಡು ಹಿಡಿದುಕೊಂಡೆ. ಬಲಕ್ಕೆ. ಇನ್ನೂ ಬಲಕ್ಕೆ. ಕಲ್ಲಿದೆ, ಎಡಕ್ಕೆ. ನೇರ. ನಡೆದಷ್ಟೇ ವೇಗ. ಇವರ ಮುಖ ನೋಡಲಿಲ್ಲ, ನೆಲವನ್ನೇ ನೋಡುತ್ತಿದ್ದೆ. ಒಂದು ಸುತ್ತು ಬಂದು ಮರದ ಕೆಳಗೆ ನಿಲ್ಲಿಸಿ, ಕೀ ತೆಗೆದು, ನನ್ನ ಮಡಿಲಿಗೆ ಹಾಕಿದರು.

ಅಕ್ಟೋಬರ್ ೨೨, ಶನಿವಾರ

ರಾಮಾಂಜಿನಪ್ಪ ಓಡಿಸಲು ಒಪ್ಪಿದ್ದಾನೆ. ಆದರೆ ಮಕ್ಕಳ ಮನೆಯವರಿಗೆ ಹೇಳಬೇಕಲ್ಲ. "ನಾನೇ ಹೇಳ್ತೀನಿ," ಅಂದರು. ಮೊದಲು ಶ್ಯಾಮಣ್ಣನ ಮನೆ. ಕೈ ಹಿಡಿದು ನಾನೂ ಹೋದೆ.

ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ಯುಗಾದಿಯಿಂದ ಅಂತಲೂ ಹೇಳಿದರು.

ಶ್ಯಾಮಣ್ಣನ ಹೆಂಡತಿ ಅಶ್ವತ್ಥಮ್ಮ ಅಡುಗೆಮನೆಯಿಂದ ಈಚೆ ಬಂದರು. ಕೈಯಲ್ಲಿ ಹಿಟ್ಟು.

"ಯುಗಾದಿಯಿಂದ? ಯುಗಾದಿಯಿಂದ ನಮ್ ಮಕ್ಕಳನ್ನ ಕಣ್ಣಿಲ್ದೆ ಕರ್ಕೊಂಡ್ ಹೋಗಿದೀರಾ?"

"ಹೂಂ ಕಣಮ್ಮ."

"ನಿಮ್ಮನ್ನ ನಂಬಿದ್ವಲ್ಲ… ನಿಮ್ಮ ಹೊಟ್ಟೇಲಿ ಹುಟ್ಟಿದ ಮಕ್ಕಳಾಗಿದ್ರೆ ಹಿಂಗ್ ಮಾಡ್ತಿದ್ರಾ?"

ಶ್ಯಾಮಣ್ಣ ಇವರ ಕಡೆ ಬೆನ್ನು ತಿರುಗಿಸಿದರು. ಅದೇ ಹೆಚ್ಚು ಕಷ್ಟವಾಯಿತು. ದೊಡ್ಡ ಹುಡುಗ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದ. ಇವರು ಕೈಮುಗಿದರು. ಅಶ್ವತ್ಥಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಬೈಯುತ್ತಿದ್ದೆ.

ಉಳಿದ ಮನೆಗಳಿಗೂ ಹೋದೆವು.

ಅಕ್ಟೋಬರ್ ೨೪, ಸೋಮವಾರ. ಬೆಳಗ್ಗೆ

ಎಲ್ಲ ಮಕ್ಕಳೂ ಬರಲಿಲ್ಲ. ಮೂರು ಮನೆಯವರು ಬಸ್ಸಿಗೆ ಕಳಿಸುತ್ತೇವೆ ಅಂದರು. ರಾಮಾಂಜಿನಪ್ಪ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ಕಾದ. ಇವರು ಗೇಟಿನಲ್ಲಿ ನಿಂತಿದ್ದರು, ಹೆಜ್ಜೆ ಸದ್ದಿಗೆ ಕಿವಿ ಕೊಟ್ಟು. ಹೊರಡುವ ಹೊತ್ತಾಯಿತು ಎನ್ನುವಾಗ ಶ್ಯಾಮಣ್ಣ ಬಂದರು, ಹುಡುಗರನ್ನೂ ಪುಟ್ಟಿಯನ್ನೂ ಕರೆದುಕೊಂಡು. ಇವರ ಕಡೆ ನೋಡಲಿಲ್ಲ. ಸೀದಾ ರಾಮಾಂಜಿನಪ್ಪನ ಹತ್ತಿರ ಹೋದರು.

"ಮೇನ್ ರೋಡಲ್ಲಿ ಬಸ್ ನಿಂತಿದ್ಯಲ್ಲ. ನಂಬರ್ ಓದಪ್ಪಾ."

ರಾಮಾಂಜಿನಪ್ಪ ಓದಿದ. ಒಂದು ಕಣ್ಣು ಮುಚ್ಚಿಸಿ ಮತ್ತೆ ಓದಿಸಿದರು. ಆಮೇಲೆ ಇನ್ನೊಂದು. ಆಮೇಲೇ ಮಕ್ಕಳನ್ನು ಹತ್ತಿಸಿದ್ದು. ಹೋಗುವಾಗ ಇವರ ಮುಂದೆ ಒಂದು ಗಳಿಗೆ ನಿಂತರು. "ಹನಿ ಹಾಕ್ಕೊತಿದೀರಾ?" ಅಂದರು. ಉತ್ತರಕ್ಕೆ ಕಾಯದೆ ಹೋದರು.

ಕಾರು ಹೋದ ಮೇಲೂ ಇವರು ಸದ್ದು ಕೇಳುತ್ತಾ ನಿಂತೇ ಇದ್ದರು. ಈಗ ಜಗುಲಿಯಲ್ಲಿ ಕೂತಿದ್ದಾರೆ. ನನಗೆ ಸ್ಕೂಲಿಗೆ ಹೊತ್ತಾಯಿತು. ಎಡಗಣ್ಣಿಗೆ ಹನಿ ಹಾಕಿ ಬಂದು, ಎರಡು ಸಾಲು ಬರೆದುಬಿಡೋಣ ಎಂದು ಕೂತೆ.

ಕರೆಯುತ್ತಿದ್ದಾರೆ.

"ನಾಗಾ… ಬಲಗಣ್ಣಿಗೂ ಒಂದು ಅನಿ ಆಕೇ."

ಡಾಕ್ಟರಮ್ಮ ಏನು ಹೇಳಿದರೆಂದು ಅವರೂ ಕೇಳಿಸಿಕೊಂಡಿದ್ದಾರೆ. ಬಾಗಿಲಿಂದ ಕಾಣುತ್ತಿದೆ — ತಲೆ ಹಿಂದಕ್ಕೆ ವಾಲಿಸಿ, ಕಂಬಕ್ಕೆ ಒರಗಿ, ಎರಡೂ ಕಣ್ಣು ಅಗಲಕ್ಕೆ ತೆರೆದುಕೊಂಡು ಕಾಯುತ್ತಿದ್ದಾರೆ. ಸೀಸೆ ಎಲ್ಲಿಟ್ಟೆ —