ಎಳೆ ಕಡಿದಾಗ ಏನು ಮಾಡಬೇಕು

ದೊಡ್ಡಬಳ್ಳಾಪುರ
೧೨ ಜುಲೈ ೧೯೭೮

ತಾಯಿ ವರಲಕ್ಷ್ಮಮ್ಮ,

ನಾಳೆ ಹತ್ತು ಗಂಟೆಗೆ ಕ್ಷಮಾಪಣೆ ಪತ್ರಕ್ಕೆ ನಿನ್ನ ಸಹಿ ಕೇಳುತ್ತಾರೆ. ಹಾಕಬೇಡ. ಅದಕ್ಕೇ ಈ ಕಾಗದವನ್ನು ನಮ್ಮ ಶೆಡ್ಡಿನ ಪಿಳ್ಳಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ಗಿರಣಿಗೆ ಕಂಪ್ಯೂಟರ್ ಬಂದಾಗ ಮಗ್ಗದ ಶೆಡ್ಡಿನವರಿಗೆ ಅದೊಂದು ಚಾಡಿಕೋರನಾಗಿಯೇ ಕಂಡಿತ್ತು. ಎಳೆ ಕಡಿದರೆ ಸಾಕು, ಮಗ್ಗ ನಿಲ್ಲಿಸಿ ನೇಯುವವರ ಹೆಸರು ಅಚ್ಚು ಹಾಕುತ್ತಿತ್ತು. ಹೆಸರು ಬಂದವರಿಗೆ ಮೆಮೊ. ಪಿಳ್ಳಮ್ಮನಿಗೆ ಒಂದೇ ತಿಂಗಳಲ್ಲಿ ಮೂರು. ಬದಲಿಸಿ ಎಂದರೆ, ಆ ಆಜ್ಞೆ ಕಂಪ್ಯೂಟರಿಗೆ ಉಣಿಸುವ ಸಾವಿರ ತೂತಿನ ಕಾರ್ಡುಗಳ ನಡುವೆ ಸೇರಿಹೋಗಿದೆ, ಬೊಂಬಾಯಿಯ ಎಂಜಿನಿಯರೇ ಬರಬೇಕು ಎನ್ನುತ್ತಿದ್ದರು.

ಕಾರ್ಡಿಗೆ ತೂತು ಹೊಡೆಯಲು ಸೇರಿದ ನೀನು ಆ ಸಿಕ್ಕು ಬಿಡಿಸಿದೆ. ಎಳೆ ಕಡಿದದ್ದನ್ನು ಯಂತ್ರ ಕಂಡುಹಿಡಿಯಲಿ, ಆಗ ಏನು ಮಾಡಬೇಕೆಂಬುದು ಬೇರೆ ಕಾರ್ಡಿನಲ್ಲಿರಲಿ ಎಂದೆ. ಆ ಒಂದು ಕಾರ್ಡು ಬದಲಿಸಿದರೆ ಮುಗಿಯಿತು. ಶೆಡ್ಡಿಗೇ ಬಂದು ಕೇಳಿದೆಯಲ್ಲ, “ಮೇಸ್ತ್ರಿಗಳೇ, ಎಳೆ ಕಡಿದ್ರೆ ನೀವು ಮೊದ್ಲು ಏನ್ ನೋಡ್ತೀರಾ?”

“ನೂಲು ನೋಡ್ತೀವಿ ಕಣವ್ವ. ಆಳನ್ನ ನೋಡೋದು ಆಮೇಲೆ” ಎಂದೆ ನಾನು.

ಮಾರನೆಯ ದಿನದಿಂದ ಹೆಸರಿನ ಬದಲು, ನೂಲು ಯಾವ ಕಂತಿನಲ್ಲಿ ಬಂದದ್ದೆಂದು ಹೇಳುವ ಲಾಟು ನಂಬರು ಅಚ್ಚಾಯಿತು. ವಾರದಲ್ಲೇ ಗೊತ್ತಾಯಿತು, ಕಡಿದ ಎಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ಲಾಟಿನವು. ಮ್ಯಾನೇಜರೇ ಮೆಚ್ಚಿ ತರಿಸಿದ ನೂಲು! ನಿನ್ನ ಮೇಲೆ ವಿಚಾರಣೆ ಕೂತಿದ್ದು ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ.

ಸೋಮವಾರ ವಿಚಾರಣೆಯಲ್ಲಿ ಮ್ಯಾನೇಜರು ಗುಡುಗಿದರು: “ಏನಮ್ಮಾ, ಕಂಪ್ಯೂಟರ್ ಏನು ನಿಮ್ಮನೆ ಪಡಸಾಲೆ ಮಗ್ಗಾನಾ, ಬಂದೋರೆಲ್ಲಾ ಕೈ ಹಾಕೋಕೆ?”

“ಕಡಿಯೋದು ಮಗ್ಗದ ಎಳೆ ತಾನೇ ಸಾರ್? ಏನ್ ಮಾಡ್ಬೇಕು ಅಂತ ನೇಯೋರೇ ಹೇಳ್ಲಿ” ಎಂದೆ ನೀನು.

ಯಾರು ಹೇಳಿಕೊಟ್ಟರು ಎಂದು ಮೂರು ಸಲ ಕೇಳಿದರು. ನಾನು ಅಲ್ಲೇ ನಿಂತಿದ್ದೆ. ನೀನು ನನ್ನ ಕಡೆ ನೋಡಲೂ ಇಲ್ಲ, ನಾನು ಕೆಮ್ಮಲೂ ಇಲ್ಲ. ತುರ್ತುಪರಿಸ್ಥಿತಿಯಲ್ಲಿ ಲೈಬ್ರರಿಯಲ್ಲಿ ಪೇಪರು ಓದುತ್ತಾ, ಬಾಯಿ ಮುಚ್ಚಿ ಕೂತವರನ್ನೆಲ್ಲ ಮನಸಾರೆ ಬೈದವನು ನಾನು. ನನ್ನದೂ ಅದೇ ಜಾತಿಯ ಬಾಯಿ ಎಂದು ಆ ದಿನ ತಿಳಿಯಿತು.

ಇವತ್ತು ಮ್ಯಾನೇಜರ ಮೇಜಿನ ಮೇಲೆ ಒಂದು ಹಾಳೆ ಇಟ್ಟು ಬಂದೆ: ‘ಆ ಕಾರ್ಡು ಕೇಳಿದವರು ನಾವು. ಹೇಳಿಕೊಟ್ಟವರೂ ನಾವೇ. ನಮ್ಮನ್ನೂ ವಿಚಾರಣೆಗೆ ಕರೆಯಿರಿ.’ ನನ್ನ ಸಹಿಯ ಕೆಳಗೆ ಪಿಳ್ಳಮ್ಮ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಶೆಡ್ಡಿನ ಇನ್ನೂ ಹತ್ತೊಂಬತ್ತು ಜನ. ಅವರಿಗೆ ಹೆಸರು ತಾನೇ ಬೇಕಾಗಿದ್ದು? ಇಪ್ಪತ್ತೊಂದು ಕೊಟ್ಟಿದ್ದೇವೆ.

ನಿನ್ನ ತಲೆ ಎಂದೂ ತಗ್ಗದಿರಲಿ, ತಾಯಿ.

ತಡವಾಗಿ ಬಾಯಿಬಿಟ್ಟ,
ಮೇಸ್ತ್ರಿ ಮುನಿರಾಮಯ್ಯ